ಕಬ್ಬಿನ ದರದ ಲೆಕ್ಕ ಯಾರ ಕೈಯಲ್ಲಿ? ಮುಕ್ತ ವ್ಯವಹಾರ ತಂತ್ರಾಂಶ ಮತ್ತು ಸ್ಕ್ರಿಪ್ಟ್ ಭಾಷೆಗಳು

ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನಾಲಾ ಬಯಲಿನಲ್ಲಿ, ಕೆ.ಆರ್. ಪೇಟೆಯ ಹೇಮಾವತಿ ಅಚ್ಚುಕಟ್ಟಿನಲ್ಲಿ ಕಬ್ಬು ಬೆಳೆಯುವ ರೈತನ ಕೈಗೆ ಬರುವ ಬಿಲ್ಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಕೆಲವೇ ಅಂಕಿಗಳು. ತೂಕ, ದರ, ಕಟಾವು ಹಾಗೂ ಸಾಗಾಣಿಕೆ ವೆಚ್ಚ, ಸಾಲದ ಕಡಿತ, ಕೊನೆಗೆ ಉಳಿದ ಮೊತ್ತ. ಆ ದರ ಯಾವ ಸೂತ್ರದಿಂದ ಬಂತು, ಸೂತ್ರವನ್ನು ಗಣಕಯಂತ್ರಕ್ಕೆ ತಿಳಿಸಿದವರು ಯಾರು, ಅವರು ಸರ್ಕಾರದ ಆದೇಶವನ್ನು ಸರಿಯಾಗಿ ಓದಿಕೊಂಡರೇ ಎಂಬ ಪ್ರಶ್ನೆಗಳು ಬಿಲ್ಲಿನ ಆಚೆಗೇ ಉಳಿಯುತ್ತವೆ. ಮುಕ್ತ ತಂತ್ರಾಂಶ, ಸ್ಕ್ರಿಪ್ಟ್ ಭಾಷೆ ಎಂಬ ಮಾತುಗಳು ಬೆಂಗಳೂರಿನ ಕಚೇರಿಗಳಿಗೆ ಮಾತ್ರ ಸಂಬಂಧಿಸಿದವು ಎಂದು ಭಾವಿಸುವವರು ಈ ಒಂದು ದರದ ಲೆಕ್ಕವನ್ನು ಕೊನೆಯವರೆಗೆ ಅನುಸರಿಸಿದರೆ ಸಾಕು, ಅಭಿಪ್ರಾಯ ಬದಲಾದೀತು.

ಕೇಂದ್ರ ಸರ್ಕಾರವು 1966ರ ಕಬ್ಬು (ನಿಯಂತ್ರಣ) ಆದೇಶದ ಅಡಿಯಲ್ಲಿ ಪ್ರತಿ ಹಂಗಾಮಿಗೂ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಆರ್‌ಪಿಯನ್ನು ಪ್ರಕಟಿಸುತ್ತದೆ. 2023-24ರಲ್ಲಿ ಕ್ವಿಂಟಲಿಗೆ 315 ರೂಪಾಯಿ ಇದ್ದ ಈ ದರ 2024-25ರಲ್ಲಿ 340, 2025-26ರಲ್ಲಿ 355 ರೂಪಾಯಿ ಆಯಿತು. ಇದು ಶೇಕಡಾ 10.25ರ ಸಕ್ಕರೆ ಇಳುವರಿಗೆ ನಿಗದಿಯಾದ ದರ. 2025-26ರ ನಿಯಮದಂತೆ ಇಳುವರಿ ಶೇಕಡಾ 0.1ರಷ್ಟು ಏರಿದಾಗಲೆಲ್ಲ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚಬೇಕು, 0.1ರಷ್ಟು ಇಳಿದಾಗಲೆಲ್ಲ ಅಷ್ಟೇ ಕಡಿಮೆಯಾಗಬೇಕು. ಆದರೆ ಇಳುವರಿ ಶೇಕಡಾ 9.5ಕ್ಕಿಂತ ಕೆಳಗಿದ್ದರೆ ಮತ್ತೆ ಕಡಿತವಿಲ್ಲ. ಅಂಥ ಕಾರ್ಖಾನೆಯ ರೈತನಿಗೆ ಕ್ವಿಂಟಲಿಗೆ 329.05 ರೂಪಾಯಿ ಸಲ್ಲಬೇಕು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗದಿದ್ದರೆ ವಾರ್ಷಿಕ ಶೇಕಡಾ 15ರ ಬಡ್ಡಿಯನ್ನೂ ಅದೇ ಆದೇಶ ವಿಧಿಸುತ್ತದೆ.

ನಿಯಮ ನಾಲ್ಕು ಸಾಲಿನದು. ಆದರೆ ಅದರ ಅಂಕಿಗಳು ವರ್ಷವರ್ಷವೂ ಬದಲಾಗುತ್ತವೆ. ಹಾಲಿನದೂ ಇದೇ ಕಥೆ. ನಾಗಮಂಗಲದ ಮಳೆಯಾಶ್ರಿತ ಹಳ್ಳಿಗಳಲ್ಲಿ ಮನೆ ನಡೆಸುವ ಹಾಲಿನ ಬಟವಾಡೆ ಜಿಡ್ಡಿನ ಅಂಶ ಮತ್ತು ಜಿಡ್ಡೇತರ ಘನಾಂಶಗಳನ್ನು ಅವಲಂಬಿಸಿದ್ದು, ಒಕ್ಕೂಟದ ಒಂದು ಸುತ್ತೋಲೆಯಿಂದ ದರದ ಪಟ್ಟಿಯೇ ಬದಲಾಗುತ್ತದೆ. ಹೀಗೆ ಪದೇ ಪದೇ ಬದಲಾಗುವ ನಿಯಮವನ್ನು ತಂತ್ರಾಂಶದ ಯಾವ ಭಾಗದಲ್ಲಿ, ಯಾವ ಭಾಷೆಯಲ್ಲಿ ಬರೆದಿಡಬೇಕು ಎಂಬುದೇ ಇಲ್ಲಿನ ವಿಷಯ.

ಚೌಕಟ್ಟು ಎಂದರೇನು?

ಖರೀದಿ, ಮಾರಾಟ, ದಾಸ್ತಾನು, ಸಂಬಳ, ಲೆಕ್ಕಪತ್ರ ಇವು ಎಲ್ಲ ವ್ಯವಹಾರಗಳಿಗೂ ಸಾಮಾನ್ಯ. ಪ್ರತಿಯೊಬ್ಬರೂ ಇವನ್ನು ಮೊದಲಿನಿಂದ ಬರೆಸುವುದು ವ್ಯರ್ಥ. ಆದ್ದರಿಂದ ಕಂಬ, ತೊಲೆ, ಸೂರುಗಳನ್ನು ಸಿದ್ಧವಾಗಿಯೇ ಒದಗಿಸಿ, ಗೋಡೆ ಮತ್ತು ಬಾಗಿಲುಗಳನ್ನು ಮನೆಯವರ ಇಚ್ಛೆಗೆ ಬಿಡುವ ತಂತ್ರಾಂಶಗಳು ಹುಟ್ಟಿಕೊಂಡವು. ಇವನ್ನೇ ವ್ಯವಹಾರ ಚೌಕಟ್ಟು ಎನ್ನಬಹುದು. ಆಕರ ಸಂಕೇತ ಎಲ್ಲರಿಗೂ ತೆರೆದಿದ್ದರೆ ಅದು ಮುಕ್ತ ಚೌಕಟ್ಟು.

ನಮ್ಮ ಪೇಟೆಗಳ ಅಂಗಡಿ, ಮಂಡಿಗಳಿಗೆ ಚಿರಪರಿಚಿತವಾದ ಟ್ಯಾಲಿ ಬೆಂಗಳೂರಿನದೇ ಉತ್ಪನ್ನ. ಅದರ ನಡವಳಿಕೆಯನ್ನು ಬದಲಿಸಲು ಟಿಡಿಎಲ್ ಎಂಬ ಪ್ರತ್ಯೇಕ ಭಾಷೆಯೂ ಇದೆ. ಅದನ್ನು ಬಲ್ಲವರು ಬಿಲ್ಲಿನ ನಮೂನೆಯಿಂದ ಹಿಡಿದು ವರದಿಗಳವರೆಗೆ ಬೇಕಾದಂತೆ ತಿದ್ದಿಕೊಡುತ್ತಾರೆ. ಆದರೆ ಟ್ಯಾಲಿಯ ಒಳತಿರುಳು ಮುಚ್ಚಿದ ಪೆಟ್ಟಿಗೆ. ಮುಕ್ತ ಚೌಕಟ್ಟಿನಲ್ಲಿ ನಿಯಮವನ್ನಷ್ಟೇ ಅಲ್ಲ, ನಿಯಮವನ್ನು ನಡೆಸುವ ಯಂತ್ರವನ್ನೂ ಬಿಚ್ಚಿ ನೋಡಬಹುದು. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಅವಧಿಗೆ ನಿರಾಣಿ ಸಮೂಹಕ್ಕೆ ಗುತ್ತಿಗೆ ನೀಡಲಾಯಿತು. ಯಾವ ಕಾರ್ಖಾನೆ ಯಾವ ತಂತ್ರಾಂಶ ಬಳಸುತ್ತದೆ ಎಂಬುದು ಇಲ್ಲಿ ಅಪ್ರಸ್ತುತ. ಆದರೆ ಆಡಳಿತಗಳು ಬದಲಾಗುತ್ತವೆ, ತಂತ್ರಾಂಶ ಮಾರಿದವರು ಅಂಗಡಿ ಮುಚ್ಚುತ್ತಾರೆ. ಷೇರುದಾರ ರೈತನ ಹಳೆಯ ಲೆಕ್ಕ ಮಾತ್ರ ಉಳಿಯಲೇಬೇಕು. ಮುಕ್ತ ಚೌಕಟ್ಟಿನ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದ ಉಚಿತ ಎಂಬುದಲ್ಲ, ಇದು.

ಆಫ್‌ಬಿಜ್ ಕಲಿಸಿದ ಪಾಠ

ಈ ಬಗೆಯ ಚೌಕಟ್ಟುಗಳಲ್ಲಿ ಹಿರಿಯದು ಅಪಾಚೆ ಆಫ್‌ಬಿಜ್. 'ಓಪನ್ ಫಾರ್ ಬಿಸಿನೆಸ್' ಎಂಬುದರ ಹ್ರಸ್ವರೂಪ ಇದು. 2001ರಲ್ಲಿ ಡೇವಿಡ್ ಜೋನ್ಸ್ ಮತ್ತು ಆಂಡಿ ಝೆನೆಸ್ಕಿ ಆರಂಭಿಸಿದ ಈ ಯೋಜನೆ 2006ರಲ್ಲಿ ಅಪಾಚೆ ಪ್ರತಿಷ್ಠಾನದ ಆಶ್ರಯ ಪಡೆದು, ಅದೇ ವರ್ಷದ ಕೊನೆಗೆ ಪೂರ್ಣ ಪ್ರಮಾಣದ ಯೋಜನೆಯಾಯಿತು. ಇದರ ಮೈಕಟ್ಟು ಜಾವಾ ಭಾಷೆಯದು.

ಜಾವಾದಲ್ಲಿ ಬರೆದದ್ದನ್ನು ಮೊದಲು ಯಂತ್ರಕ್ಕೆ ಒಗ್ಗುವ ರೂಪಕ್ಕೆ ಪರಿವರ್ತಿಸಿ, ಆಮೇಲೆ ಚಲಾಯಿಸಬೇಕು. ಇದರಿಂದ ವೇಗ ಹೆಚ್ಚುತ್ತದೆ, ಅನೇಕ ತಪ್ಪುಗಳು ಮೊದಲೇ ಸಿಕ್ಕಿಬೀಳುತ್ತವೆ. ಆದರೆ 340 ಎಂಬುದನ್ನು 355 ಎಂದು ತಿದ್ದಲು ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟಿ, ನಿಲ್ಲಿಸಿ, ಎಬ್ಬಿಸುವುದು ಹಂಗಾಮಿನ ನಡುವೆ ಯಾರಿಗೂ ಬೇಡವಾದ ಕೆಲಸ. ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಕಡತವನ್ನಾದರೋ ಚೌಕಟ್ಟು ಬೇಕಾದಾಗ ಓದಿಕೊಂಡು ನಡೆಸುತ್ತದೆ. ಕಡತ ತಿದ್ದಿದರೆ ಮುಂದಿನ ಓದಿನಲ್ಲಿ ಹೊಸ ನಿಯಮ ಜಾರಿಗೆ ಬರುತ್ತದೆ.

ಆಫ್‌ಬಿಜ್ ಮೊದಲು ನೆಚ್ಚಿಕೊಂಡದ್ದು ಬೀನ್‌ಶೆಲ್ ಎಂಬ ಪುಟ್ಟ ಭಾಷೆಯನ್ನು. ಜೊತೆಗೆ ಎಕ್ಸ್‌ಎಂಎಲ್ ಪಟ್ಟಿಗಳಲ್ಲಿ ನಿಯಮ ಬರೆಯುವ ಮಿನಿಲ್ಯಾಂಗ್ ಎಂಬ ಸ್ವಂತ ಪದ್ಧತಿಯನ್ನು. ಕಾರ್ಯಕ್ರಮ ಬರೆಯಲು ಬಾರದವರೂ ಬಳಸಲಿ ಎಂಬ ಸದುದ್ದೇಶ ಮಿನಿಲ್ಯಾಂಗ್‌ನದು. ಫಲಿತಾಂಶ ಮಾತ್ರ ಬೇರೆಯಾಯಿತು. ಸರಳವಾದದ್ದು ಉದ್ದವಾಯಿತು, ಉದ್ದವಾದದ್ದನ್ನು ಓದುವವರು ಇಲ್ಲವಾದರು. 'ಇಳುವರಿ ಇಷ್ಟಕ್ಕಿಂತ ಹೆಚ್ಚಿದ್ದರೆ' ಎಂಬ ಒಂದು ಷರತ್ತಿಗೆ ತೆರೆಯುವ ಮುಚ್ಚುವ ಚಿಹ್ನೆಗಳ ನಾಲ್ಕಾರು ಸಾಲು ಬೇಕಾಗುತ್ತಿತ್ತು. 2007ರ ಜನವರಿಯಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಗ್ರೂವಿ ಎಂಬ ಭಾಷೆ ಬಂದ ಮೇಲೆ ಬೀನ್‌ಶೆಲ್ ಹಿಂದೆ ಸರಿಯಿತು, ಇತ್ತೀಚಿನ ವರ್ಷಗಳಲ್ಲಿ ಮಿನಿಲ್ಯಾಂಗ್‌ನ ನಿಯಮಗಳನ್ನೂ ಒಂದೊಂದಾಗಿ ಗ್ರೂವಿಗೆ ಬದಲಾಯಿಸಲಾಗುತ್ತಿದೆ. ಜಾವಾ ಬಲ್ಲವರಿಗೆ ಗ್ರೂವಿ ಹೊಸ ಭಾಷೆಯೆನಿಸುವುದಿಲ್ಲ. ಅದೇ ನುಡಿಯ ಸಲೀಸಾದ ಆಡುರೂಪದಂತಿದೆ.

ಗ್ರೂವಿಗೆ ಇನ್ನೊಂದು ಗುಣವಿದೆ, ಕಬ್ಬಿನ ಲೆಕ್ಕಕ್ಕೆ ಬೇಕಾದದ್ದೇ ಅದು.

10.35ರಿಂದ 10.25 ಕಳೆದರೆ

ಗಣಕಯಂತ್ರವು ದಶಮಾಂಶಗಳನ್ನು ಸಾಮಾನ್ಯವಾಗಿ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಪೂರ್ತಿ ಬರೆಯಲು ಆಗದಂತೆ, 10.35 ಎಂಬ ಸಂಖ್ಯೆಯನ್ನು ದ್ವಿಮಾನದಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಹೀಗಾಗಿ ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್‌ನ ಸಾಮಾನ್ಯ ಸಂಖ್ಯೆಗಳಲ್ಲಿ 10.35ರಿಂದ 10.25 ಕಳೆದರೆ 0.1 ಬರುವುದಿಲ್ಲ, 0.09999999999999964 ಬರುತ್ತದೆ. ಕೂದಲೆಳೆಯ ವ್ಯತ್ಯಾಸ, ನಿಜ. ಆದರೆ 'ಪ್ರತಿ 0.1ಕ್ಕೆ ಒಂದು ಮೆಟ್ಟಿಲು' ಎಂದು ಓದಿಕೊಂಡ ಕಾರ್ಯಕ್ರಮಕಾರನು ಇದನ್ನು 0.1ರಿಂದ ಭಾಗಿಸಿ, ಬಿಡಿಭಾಗವನ್ನು ಕತ್ತರಿಸಿ, ಪೂರ್ಣ ಮೆಟ್ಟಿಲುಗಳನ್ನಷ್ಟೇ ಎಣಿಸಿದರೆ ಸಿಗುವ ಉತ್ತರ ಒಂದಲ್ಲ, ಸೊನ್ನೆ. ರೈತನಿಗೆ ಕ್ವಿಂಟಲಿಗೆ 3.46, ಟನ್ನಿಗೆ 34.60 ರೂಪಾಯಿ ಖೋತಾ. 40 ಟನ್ ಪೂರೈಸಿದವನಿಗೆ 1,384 ರೂಪಾಯಿ. ಒಂದು ಲಕ್ಷ ಟನ್ ಅರೆದ ಕಾರ್ಖಾನೆಯ ಮಟ್ಟಿಗೆ 34 ಲಕ್ಷ 60 ಸಾವಿರ. ಯಾರೂ ಮೋಸ ಮಾಡಿಲ್ಲ, ಯಾರಿಗೂ ಗೊತ್ತೂ ಆಗಿಲ್ಲ.

ಗ್ರೂವಿಯಲ್ಲಿ 10.35 ಎಂದು ಬರೆದರೆ ಅದು ತಾನಾಗಿಯೇ ನಿಖರ ದಶಮಾಂಶ ಸಂಖ್ಯೆಯಾಗುತ್ತದೆ; ಕಳೆದರೆ 0.10, ಭಾಗಿಸಿದರೆ ಒಂದು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ದತ್ತಾಂಶ ಕೋಷ್ಟಕದಲ್ಲಿ ಇಳುವರಿಯ ಅಂಕಣವನ್ನೇ ದ್ವಿಮಾನದ ಚರಬಿಂದು ಸಂಖ್ಯೆಯೆಂದು ಗುರುತಿಸಿದ್ದರೆ ಗ್ರೂವಿಗೆ ಬರುವುದು ಆಗಲೇ ಕೆಟ್ಟ ಸಂಖ್ಯೆ. ಪೈಥಾನ್‌ನಲ್ಲಿ ಕೆಲಸ ಮಾಡುವವರು ವ್ಯತ್ಯಾಸವನ್ನು ಎರಡು ಸ್ಥಾನಗಳಿಗೆ ಸರಿಪಡಿಸಿದರೂ ಸಾಲದು, ಅಲ್ಲಿ 0.3ನ್ನು 0.1ರಿಂದ ಭಾಗಿಸಿದರೆ ಮೂರು ಬರುವುದಿಲ್ಲ, 2.9999999999999996 ಬರುತ್ತದೆ. ಹಳೆಯ ಶಾನುಭೋಗರಿಗೆ ಗೊತ್ತಿದ್ದ ಉಪಾಯವೇ ಇಲ್ಲಿಯೂ ಲೇಸು: ರೂಪಾಯಿಯನ್ನು ಪೈಸೆ ಮಾಡಿಕೊಂಡಂತೆ ಇಳುವರಿಯನ್ನು ನೂರರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳುವುದು. 1035ರಿಂದ 1025 ಕಳೆದರೆ ಹತ್ತು. ಅದರಲ್ಲಿ ಸಂದೇಹವಿಲ್ಲ.

ಇನ್ನೂ ಕುತೂಹಲದ ಸಂಗತಿಯೊಂದಿದೆ. ಮೆಟ್ಟಿಲು ಎಣಿಸುವುದೇ ಸರಿಯೇ? 10.31ರ ಇಳುವರಿಗೆ ಪೂರ್ಣ ಮೆಟ್ಟಿಲು ಒಂದೂ ಇಲ್ಲವೆಂದು 355 ರೂಪಾಯಿ ಕೊಡಬೇಕೋ, ಅನುಪಾತದಂತೆ 357.08 ಕೊಡಬೇಕೋ? ಸುಳಿವು ಸರ್ಕಾರವೇ ಕೊಟ್ಟ ಕನಿಷ್ಠ ದರದಲ್ಲಿದೆ. 10.25ಕ್ಕೂ 9.5ಕ್ಕೂ ನಡುವಿನ ಅಂತರ 0.75, ಅಂದರೆ ಏಳೂವರೆ ಮೆಟ್ಟಿಲು. ಏಳೂವರೆಯನ್ನು 3.46ರಿಂದ ಗುಣಿಸಿದರೆ 25.95, 355ರಿಂದ ಕಳೆದರೆ ಸರಿಯಾಗಿ 329.05. ಅರ್ಧ ಮೆಟ್ಟಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಈ ಅಂಕಿ ಬರುತ್ತದೆ. ಏಳೇ ಮೆಟ್ಟಿಲು ಎಣಿಸಿದರೆ 330.78 ಬರುತ್ತಿತ್ತು. ಕಡಿತಕ್ಕೆ ಅನುಪಾತವಾದರೆ ಹೆಚ್ಚಳಕ್ಕೂ ಅನುಪಾತವೇ ಇರಬೇಕಲ್ಲವೇ ಎಂದು ಕೇಳುವ ಹಕ್ಕು ರೈತನಿಗಿದೆ. ಆದರೆ ಕೇಳಬೇಕಾದರೆ ಮೊದಲು ಸೂತ್ರ ಕಾಣಬೇಕು. ಜಾವಾದ ಸಾವಿರಾರು ಸಾಲುಗಳ ನಡುವೆ ಹುದುಗಿದ ಸೂತ್ರ ಕಾಣುವುದಿಲ್ಲ. ಹದಿನೈದು ಸಾಲಿನ ಪ್ರತ್ಯೇಕ ಸ್ಕ್ರಿಪ್ಟ್ ಕಡತವನ್ನು ಪದವಿ ಓದಿದ ರೈತನ ಮಗಳು ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು.

ಉಪಕರಣಗಳಿಲ್ಲದ ಭಾಷೆ

ಭಾಷೆಯೊಂದೇ ಇದ್ದರೆ ಸಾಲದು. ನೇಗಿಲು ಇದ್ದು ನೊಗವಿಲ್ಲದಂತೆ ಆದೀತು. ತಪ್ಪು ಹುಡುಕುವ, ಪರೀಕ್ಷಿಸುವ, ಹಳೆಯ ಪ್ರತಿಗೆ ಹಿಂದಿರುಗುವ ಸಾಧನಗಳು ಬೇಕು. ಆಫ್‌ಬಿಜ್ 2016ರಲ್ಲಿ ಹಳೆಯ ಆಂಟ್ ಎಂಬ ಕಟ್ಟೋಣ ಸಾಧನವನ್ನು ಬಿಟ್ಟು ಗ್ರೇಡಲ್ ಅನ್ನು ಅಳವಡಿಸಿಕೊಂಡಿತು. ಅದರ ನಂತರ ಬೇಕಾದ ಜಾವಾ ಗ್ರಂಥಾಲಯಗಳನ್ನು ಇಳಿಸಿಕೊಳ್ಳುವುದು, ಮಾದರಿ ದತ್ತಾಂಶ ತುಂಬುವುದು, ಪರೀಕ್ಷೆಗಳನ್ನು ನಡೆಸುವುದು, ಎಕ್ಲಿಪ್ಸ್ ಅಥವಾ ಇಂಟೆಲಿಜೆ ಸಂಪಾದಕದಲ್ಲಿ ಯೋಜನೆಯನ್ನು ತೆರೆಯುವುದು ಕೆಲವೇ ಆಜ್ಞೆಗಳ ಮಾತಾಯಿತು. ಚಾಲನೆಯಲ್ಲಿರುವ ವ್ಯವಸ್ಥೆಯ ಕೋಷ್ಟಕಗಳನ್ನು, ಸೇವೆಗಳ ಪಟ್ಟಿಯನ್ನು, ದಾಖಲೆ ಕಡತಗಳನ್ನು ನೋಡಲು ವೆಬ್‌ಟೂಲ್ಸ್ ಎಂಬ ಪ್ರತ್ಯೇಕ ವಿಭಾಗವೇ ಇದೆ. ಗ್ರೇಡಲ್‌ನ ಆಜ್ಞೆಗಳೂ ಗ್ರೂವಿಯಲ್ಲೇ ಬರೆಯಲ್ಪಡುವುದರಿಂದ ಕಲಿಯುವವರಿಗೆ ಒಂದೇ ಭಾಷೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಭಾರತದ ಮಟ್ಟಿಗೆ ಹೆಚ್ಚು ಹತ್ತಿರದ ಉದಾಹರಣೆ ಮುಂಬೈಯ ರುಶಭ್ ಮೆಹ್ತಾ ಆರಂಭಿಸಿದ ಇಆರ್‌ಪಿನೆಕ್ಸ್ಟ್ ಮತ್ತು ಅದರ ತಳಹದಿಯಾದ ಫ್ರಾಪೆ ಚೌಕಟ್ಟು. ಇದಕ್ಕೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನ ಷೇರು ವಹಿವಾಟು ಸಂಸ್ಥೆ ಝೆರೋಧಾ ತನ್ನ ಆಂತರಿಕ ಕೆಲಸಗಳಿಗೆ ಇಆರ್‌ಪಿನೆಕ್ಸ್ಟ್ ಬಳಸಿದ್ದಲ್ಲದೆ, 2020ರಲ್ಲಿ ಅದರ ಹಿಂದಿನ ಕಂಪನಿಯಲ್ಲಿ ಹಣವನ್ನೂ ತೊಡಗಿಸಿತು. ಫ್ರಾಪೆ ಪೈಥಾನ್‌ನದು. ಪರದೆಯ ಮೇಲಿನ ನಡವಳಿಕೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಕ್ಲೈಂಟ್ ಸ್ಕ್ರಿಪ್ಟ್, ಉಳಿಸುವ ಮುನ್ನ ಅಥವಾ ನಿಗದಿತ ವೇಳೆಗೆ ನಡೆಯಬೇಕಾದ ಲೆಕ್ಕಕ್ಕೆ ಪೈಥಾನ್‌ನಲ್ಲಿ ಸರ್ವರ್ ಸ್ಕ್ರಿಪ್ಟ್. ಎರಡನ್ನೂ ಬ್ರೌಸರ್‌ನಲ್ಲಿ ಕುಳಿತೇ ಬರೆಯಬಹುದು. ಬೆಂಚ್ ಎಂಬ ಆಜ್ಞಾ ಸಾಧನ ಹೊಸ ತಾಣ ಕಟ್ಟುವುದರಿಂದ ಆವೃತ್ತಿ ಬದಲಿಸುವವರೆಗಿನ ಕೆಲಸ ನೋಡಿಕೊಳ್ಳುತ್ತದೆ.

ಬ್ರೌಸರ್‌ನಲ್ಲಿ ಬರೆಯುವ ಅನುಕೂಲ ದೊಡ್ಡದು, ಅಪಾಯವೂ ಅಷ್ಟೇ. ಕಡತದಲ್ಲಿರುವ ಸ್ಕ್ರಿಪ್ಟನ್ನು ಗಿಟ್ ಎಂಬ ಆವೃತ್ತಿ ಸಂಗ್ರಹದಲ್ಲಿಟ್ಟರೆ, ಯಾವ ದಿನ ಯಾರು ಯಾವ ಅಂಕಿಯನ್ನು ತಿದ್ದಿದರು ಎಂಬುದು ಸಾಲು ಸಾಲಾಗಿ ಉಳಿಯುತ್ತದೆ. ಪರದೆಯ ಮೇಲೆ ಅವಸರದಲ್ಲಿ ತಿದ್ದಿದ ನಿಯಮಕ್ಕೆ ಆ ಶಿಸ್ತು ತಾನಾಗಿ ಬರುವುದಿಲ್ಲ. ಹಣದ ದರ ನಿರ್ಧರಿಸುವ ಸೂತ್ರಗಳನ್ನಾದರೂ ಕಡತದಲ್ಲಿಟ್ಟು, ಇಬ್ಬರು ನೋಡಿದ ಮೇಲೆ ಜಾರಿಗೆ ತರುವುದು ವಿವೇಕ.

ತೆರೆದ ಬಾಗಿಲಿನಿಂದ ಬಂದವರು

ಸ್ಕ್ರಿಪ್ಟ್ ಎಂದರೆ ಚಾಲನೆಯಲ್ಲಿರುವ ಯಂತ್ರಕ್ಕೆ ಹೊಸ ಆಜ್ಞೆ ಕೊಡುವ ಅಧಿಕಾರ. ಆ ಅಧಿಕಾರ ಪರರ ಪಾಲಾದರೆ ಏನಾಗುತ್ತದೆ ಎಂಬುದಕ್ಕೂ ಆಫ್‌ಬಿಜ್ ಸಾಕ್ಷಿ. ಅದರ ವೆಬ್‌ಟೂಲ್ಸ್‌ನಲ್ಲಿ ಆಡಳಿತಗಾರರ ಅನುಕೂಲಕ್ಕೆಂದು ಗ್ರೂವಿ ಕಾರ್ಯಕ್ರಮವನ್ನು ಬರೆದು ಅಲ್ಲೇ ಚಲಾಯಿಸುವ, ಪ್ರೋಗ್ರಾಮ್ ಎಕ್ಸ್‌ಪೋರ್ಟ್ ಎಂಬ ಪುಟವಿದೆ. 2023ರ ಡಿಸೆಂಬರ್‌ನಲ್ಲಿ ಸೋನಿಕ್‌ವಾಲ್ ಸಂಸ್ಥೆಯ ಸಂಶೋಧಕರು, ಗುಪ್ತಪದ ಬದಲಿಸಬೇಕೆಂಬ ಸೂಚನೆಯನ್ನು ವಿನಂತಿಯಲ್ಲಿ ಸೇರಿಸಿದರೆ ಹೆಸರು ಮತ್ತು ಗುಪ್ತಪದ ಖಾಲಿ ಇದ್ದರೂ ಒಳಪ್ರವೇಶದ ಪರಿಶೀಲನೆಯನ್ನು ದಾಟಬಹುದೆಂದು ತೋರಿಸಿದರು. ಹಾಗೆ ದಾಟಿದವನಿಗೆ ಈ ಪುಟ ಸಿಕ್ಕರೆ ಸರ್ವರ್ ಪೂರ್ತಿ ಕೈವಶ. 18.12.11ನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಆದರೂ 2024ರ ಆಗಸ್ಟ್‌ನಲ್ಲಿ ಅದೇ ಪುಟಕ್ಕೆ ಇನ್ನೊಂದು ಅಡ್ಡದಾರಿ ಪತ್ತೆಯಾಗಿ 18.12.15ನೆಯ ಆವೃತ್ತಿ ಹೊರಬಂತು; ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅದನ್ನು ವಾಸ್ತವವಾಗಿ ದುರ್ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಅಪಾಯಕಾರಿ ಪದಗಳಿರುವ ಕಾರ್ಯಕ್ರಮವನ್ನು ತಡೆಯಲು ಹಾಕಿದ್ದ ಜರಡಿಯನ್ನು ದಾಳಿಕೋರರು ಅಕ್ಷರಗಳನ್ನು ಯೂನಿಕೋಡ್ ಸಂಕೇತಗಳಾಗಿ ಬರೆದು ದಾಟಿದರು. ಪದಗಳನ್ನು ನಿಷೇಧಿಸಿ ಭಾಷೆಯನ್ನು ಕಟ್ಟಿಹಾಕುವುದು ಸುಲಭವಲ್ಲ.

ಫ್ರಾಪೆ ಬೇರೆ ದಾರಿ ಹಿಡಿಯಿತು. ಅದರ ಸರ್ವರ್ ಸ್ಕ್ರಿಪ್ಟ್ ನಡೆಯುವುದು ಪೈಥಾನ್‌ನ ನಿರ್ಬಂಧಿತ ರೂಪದಲ್ಲಿ. ಹೊರಗಿನ ಗ್ರಂಥಾಲಯಗಳನ್ನು ಎಳೆದುಕೊಳ್ಳಲು ಅಲ್ಲಿ ಅವಕಾಶವಿಲ್ಲ. 2023ರಲ್ಲಿ ಬಂದ 15ನೆಯ ಆವೃತ್ತಿಯಿಂದ ಸರ್ವರ್ ಸ್ಕ್ರಿಪ್ಟ್ ಸೌಲಭ್ಯ ಆರಂಭದಲ್ಲಿ ಮುಚ್ಚಿಯೇ ಇರುತ್ತದೆ, ಬೇಕಾದವರು ತಾವಾಗಿ ತೆರೆದುಕೊಳ್ಳಬೇಕು. ಸಹಕಾರ ಸಂಘವೊಂದು ಇಂಥ ಚೌಕಟ್ಟನ್ನು ಸ್ಥಾಪಿಸಿ, ಸ್ಥಾಪಿಸಿಕೊಟ್ಟವರು ಊರು ಬಿಟ್ಟ ಮೇಲೆ ಮೂರು ವರ್ಷ ಆವೃತ್ತಿ ಬದಲಿಸದೆ ಅಂತರ್ಜಾಲಕ್ಕೆ ತೆರೆದಿಟ್ಟರೆ, ಕಾಗದದ ಖಾತೆ ಪುಸ್ತಕವೇ ಕ್ಷೇಮವಾಗಿತ್ತು ಎನ್ನಬೇಕಾದೀತು.

ಕನ್ನಡದ ಅಂಕಿ ಬರೆದರೆ

ಹಳ್ಳಿಯ ಗುಮಾಸ್ತ ತೂಕದ ಅಂಕಣದಲ್ಲಿ ೧೨ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ ಏನಾಗುತ್ತದೆ? ಪೈಥಾನ್ ಅದನ್ನು ಹನ್ನೆರಡು ಎಂದೇ ಓದಿಕೊಳ್ಳುತ್ತದೆ, ಜಾವಾ ಕೂಡ. ಜಾವಾಸ್ಕ್ರಿಪ್ಟ್ ಮಾತ್ರ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ. ಅಂದರೆ ಸರ್ವರ್ ಒಪ್ಪುವುದನ್ನು ಬ್ರೌಸರ್ ನಿರಾಕರಿಸುತ್ತದೆ. ಪರದೆಯ ಸ್ಕ್ರಿಪ್ಟ್‌ನಲ್ಲಿ ಹತ್ತು ಅಂಕಿಗಳನ್ನು ಬದಲಿಸುವ ಎರಡು ಸಾಲು ಸೇರಿಸಿದರೆ ಪರಿಹಾರ ಸಿಗುತ್ತದೆ. ಸ್ಥಳೀಯರೇ ಬರೆಯದಿದ್ದರೆ ಆ ಎರಡು ಸಾಲು ಯಾರಿಗೂ ಹೊಳೆಯುವುದಿಲ್ಲ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಸದಸ್ಯರ ಪಟ್ಟಿಗಳನ್ನು ಯೂನಿಕೋಡ್‌ಗೆ ತರುವುದೂ ಇಂಥದೇ ಕೆಲಸ. ತಾರದಿದ್ದರೆ ಹೆಸರು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯೂ ಸರಿ ಹೋಗುವುದಿಲ್ಲ.

ಇದಕ್ಕೆ ಜನ ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯದ ತಾಂತ್ರಿಕ ಕಾಲೇಜು ಇದೆ. ಆಫ್‌ಬಿಜ್ ತನ್ನೊಳಗೇ ಪುಟ್ಟ ದತ್ತಾಂಶ ವ್ಯವಸ್ಥೆಯನ್ನೂ ಮಾದರಿ ದತ್ತಾಂಶವನ್ನೂ ಇಟ್ಟುಕೊಂಡು ಬರುವುದರಿಂದ ವಿದ್ಯಾರ್ಥಿಯ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಅದನ್ನು ನಡೆಸಿ ನೋಡಬಹುದು, ಪರವಾನಗಿ ಶುಲ್ಕವಿಲ್ಲ. ಅಂತಿಮ ವರ್ಷದ ಯೋಜನೆಗೆ ಗ್ರಂಥಾಲಯ ನಿರ್ವಹಣೆಯ ಸವಕಲು ವಿಷಯವನ್ನೇ ಮತ್ತೊಮ್ಮೆ ಎತ್ತಿಕೊಳ್ಳುವ ಬದಲು ಕಬ್ಬಿನ ದರದ ಸ್ಕ್ರಿಪ್ಟ್ ಒಂದನ್ನು ಬರೆಯಬಹುದು. ಹಂಗಾಮಿನ ವರ್ಷ, ಮೂಲ ದರ, ಮೆಟ್ಟಿಲಿನ ದರ, ಕನಿಷ್ಠ ಇಳುವರಿ ಇವು ಕೋಷ್ಟಕದಲ್ಲಿರಲಿ. ಸೂತ್ರ ಮಾತ್ರ ಸ್ಕ್ರಿಪ್ಟ್‌ನಲ್ಲಿರಲಿ. ಪರೀಕ್ಷೆಗೆ 2025-26ರ ಅಂಕಿಗಳನ್ನು ಇಟ್ಟುಕೊಂಡು, ಅನುಪಾತದ ಓದನ್ನು ಒಪ್ಪುವುದಾದರೆ, ಬರಬೇಕಾದ ಉತ್ತರಗಳು ಹೀಗಿವೆ: ಇಳುವರಿ 10.25 ಇದ್ದಾಗ ಕ್ವಿಂಟಲಿಗೆ 355 ರೂಪಾಯಿ, 10.35ಕ್ಕೆ 358.46, 9.75ಕ್ಕೆ 337.70, 9.5ಕ್ಕೆ 329.05, 9.2ಕ್ಕೂ ಅದೇ 329.05.